ಮುಂದೆ ಬಕೆಟ್ ಕಟ್ಟಿದ ಮೇಲೆ ಹಿಂದೆ ಕಲ್ಲು ಬೇಕು

ಬೇಸಿಗೆ ಬಂತೆಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಜನ ಕೆರೆಯಂಗಳಕ್ಕೆ ಇಳಿಯುತ್ತಾರೆ. ನೀರಿಗಲ್ಲ, ಗೋಡಿಗೆ. ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಕಡೆಯ ಕೆಂಪು ಹೊಲಕ್ಕೆ ಕೆರೆ ಗೋಡು ಹೊಡೆದರೆ ಮೂರು ನಾಲ್ಕು ವರ್ಷ ಬೆಳೆಯಲ್ಲಿ ಅದು ಕಾಣುತ್ತದೆ ಎಂಬುದು ಅಜ್ಜಂದಿರ ಕಾಲದಿಂದ ಬಂದ ಮಾತು. ತೆಲುಗಿನವರು ಪೂಡಿಕ ಮಟ್ಟಿ ಅಂತಾರೆ, ನಾವು ಗೋಡು ಅಂತೀವಿ. ಹೊಲಕ್ಕೆ ಎರಡೂ ಒಂದೇ. ಆಗ ಗುದ್ದಲಿ, ಮಂಕರಿ, ಎತ್ತಿನ ಗಾಡಿ ಇದ್ದವು. ಈಗ ಟ್ರ್ಯಾಕ್ಟರಿನ ಮೂತಿಗೆ ಲೋಡರ್ ಕಟ್ಟಿಸಿಕೊಂಡವರು ಊರಿಗೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಹತ್ತು ಆಳು ಅರ್ಧ ದಿನ ತುಂಬುವ ಟ್ರೈಲರನ್ನು ಅದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ತುಂಬುತ್ತದೆ. ತಿಪ್ಪೆ ಗೊಬ್ಬರ, ಮರಳು, ಜಲ್ಲಿ ಯಾವುದಕ್ಕೂ ಆಗುತ್ತದೆ. ಆಳು ಸಿಗದ ಈ ಕಾಲದಲ್ಲಿ ಅದು ದೊಡ್ಡ ಅನುಕೂಲವೇ, ಅದರ ಮೇಲೆ ನನ್ನ ದೂರಿಲ್ಲ.

ನಮ್ಮ ಮನೆಗೆ ಅದು 2019ರಲ್ಲಿ ಬಂತು. 45 ಎಚ್‌ಪಿಯ ಹಳೆ ಟ್ರ್ಯಾಕ್ಟರ್, ಹಿಂದಿನ ದೊಡ್ಡ ಚಕ್ರಕ್ಕೆ ಮಾತ್ರ ಎಳೆತ. ಲೋಡರ್ ಕಟ್ಟಿಕೊಟ್ಟವರ ಊರು ಹೆಸರು ಇಲ್ಲಿ ಬೇಡ. ಮುಂದೆ ಏನೇನು ಬೇಕೋ ಎಲ್ಲಾ ಬಿಗಿದು, ಬಣ್ಣ ಹೊಡೆದು, ಮೂತಿಗೆ ಹೂವಿನ ಹಾರ ಹಾಕಿ ಕಳಿಸಿದರು. ಹಿಂದೆ ಏನು ಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷದ ಏಪ್ರಿಲ್ ತಿಂಗಳು. ನಮ್ಮ ಅಳಿಯ ಲೋಡರ್ ಓಡಿಸುತ್ತಿದ್ದ. ನಾನು ಕೆರೆ ಏರಿ ಮೇಲೆ ಕೊಡೆ ಹಿಡಿದುಕೊಂಡು ಲೋಡು ಎಣಿಸುತ್ತಿದ್ದೆ. ಕೆಳಗಿನ ಪದರದ ಗೋಡು ಇನ್ನೂ ಹಸಿ, ಅಂದರೆ ತೂಕ ಜಾಸ್ತಿ. ಬಕೆಟ್ ತುಂಬಿ, ಟ್ರೈಲರಿನ ಎತ್ತರಕ್ಕೆ ಎತ್ತುತ್ತಲೇ ಹುಡುಗ ಸ್ಟೇರಿಂಗ್ ತಿರುಗಿಸಿದ. ನೆಲ ಎಡಕ್ಕೆ ಸ್ವಲ್ಪ ವಾಟ ಇತ್ತು. ನೋಡುನೋಡುತ್ತಿದ್ದಂತೆ ಬಲಗಡೆಯ ದೊಡ್ಡ ಚಕ್ರ ನೆಲ ಬಿಟ್ಟಿತು. ಮೊದಲು ಒಂದು ಗೇಣು, ಆಮೇಲೆ ಮೊಣಕಾಲು ಎತ್ತರ. ಅವನು ಬ್ರೇಕ್ ತುಳಿದ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಬಂತು? ಟ್ರೈಲರ್ ಹತ್ತಿರ ನಿಂತಿದ್ದ ಹಿಂದೂಪುರದ ಕಡೆಯ ಡ್ರೈವರೊಬ್ಬರು ‘ಬಕೆಟ್ ದಿಂಚು! ಬಕೆಟ್ ದಿಂಚು!’ ಅಂತ ಕೂಗಿದರು. ಹುಡುಗನಿಗೆ ತೆಲುಗು ಬರುತ್ತಿತ್ತು, ಬದುಕಿಕೊಂಡ. ಲಿವರ್ ಒತ್ತಿ ಬಕೆಟ್ ಇಳಿಸಿದ. ಚಕ್ರ ಧೊಪ್ಪನೆ ನೆಲಕ್ಕೆ ಬಿತ್ತು. ನಾನು ಏರಿ ಇಳಿದು ಬರುವಷ್ಟರಲ್ಲಿ ಅವನು ನಗುವುದಕ್ಕೆ ನೋಡುತ್ತಿದ್ದ. ‘ಏನೂ ಆಗಿಲ್ಲ ಬಿಡಿ ಮಾವ’ ಅಂದ. ಕೈ ಮಾತ್ರ ನಡುಗುತ್ತಿತ್ತು. ಆ ರಾತ್ರಿ ಮಗಳು ನನಗೆ ಮುದ್ದೆ ಬಡಿಸಿದಳು, ಒಂದು ಮಾತೂ ಆಡಲಿಲ್ಲ.

ಆ ಡ್ರೈವರ್ ನಮ್ಮ ಟ್ರ್ಯಾಕ್ಟರನ್ನು ಒಂದು ಸುತ್ತು ಬಂದು ನೋಡಿ ಹೇಳಿದ್ದು ಇಷ್ಟೇ: ‘ವೆನಕ ಬರುವು ಲೇದು ಕದಾ ಅನ್ನಾ, ಬಂಡಿ ಎಟ್ಲಾ ನಿಲಬಡ್ತಾದಿ?’ ಹಿಂದೆ ಭಾರವೇ ಇಲ್ಲವಲ್ಲ, ಬಂಡಿ ಹೇಗೆ ನಿಲ್ಲುತ್ತೆ?

ಮನೆಗೆ ಬಂದು ಟ್ರ್ಯಾಕ್ಟರಿನ ಪುಸ್ತಕ ತೆಗೆದೆ. ಅದರಲ್ಲಿ ‘ಬ್ಯಾಲಸ್ಟ್’ ಎಂಬ ಪದ ಇತ್ತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅದು ರೈಲು ಹಳಿ ಕೆಳಗೆ ಹಾಕುವ ಜಲ್ಲಿ ಅಂತ ಮಾತ್ರ ಗೊತ್ತು. ನಮ್ಮ ಮಾತಿನಲ್ಲಿ ಅದಕ್ಕೆ ಪದ ಇಲ್ಲವೇ ಅಂತ ಯೋಚಿಸುತ್ತಾ ಮಲಗಿದೆ. ಬೆಳಿಗ್ಗೆ ಎದ್ದಾಗ ಹೊಳೆಯಿತು. ಇದೆ, ಗಾಡಿ ಹೊಡೆದವರಿಗೆಲ್ಲ ಗೊತ್ತಿರುವ ಪದ: ಮುಂಭಾರ, ಹಿಂಭಾರ. ಗಾಡಿಗೆ ಚೀಲ ಹೇರುವಾಗ ಮುಂದೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂದೆ ಜಾಸ್ತಿಯಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆಗ ನಮ್ಮಪ್ಪ ‘ಹಿಂಭಾರ ಆಯ್ತು, ಮುಂದಕ್ಕೆ ಬಾರೋ’ ಅಂತ ನನ್ನನ್ನು ಮೂಕಿ ಮೇಲೆ ಕೂರಿಸುತ್ತಿದ್ದರು. ಗಾಡಿಯಲ್ಲಿ ಹಿಂಭಾರ ಅಂದರೆ ದೋಷ. ಲೋಡರಿನಲ್ಲಿ ಅದೇ ಮದ್ದು. ಇನ್ನೊಂದು ಪದ ಏತ. ತೆಲುಗಿನಲ್ಲೂ ಅದು ಏತಂ. ಒಂದು ತುದಿಗೆ ನೀರಿನ ಸಾಲೆ, ಇನ್ನೊಂದು ತುದಿಗೆ ಕಲ್ಲು. ಆ ಕಲ್ಲು ಇಲ್ಲದೆ ಏತ ಎತ್ತುತ್ತೇನೆ ಅಂದವರನ್ನು ನಮ್ಮ ಹಿರಿಯರು ನೋಡಿ ನಗುತ್ತಿದ್ದರು. ನಾನು 2019ರಲ್ಲಿ ಮಾಡಿದ್ದು ಅದೇ ಕೆಲಸ.

ಈಗ ಲೆಕ್ಕಕ್ಕೆ ಬರೋಣ. ವ್ಯಾಪಾರ ಮಾಡುವವರು, ತೂಕ ಬಲ್ಲವರು ಈ ಪುಟ ಓದುತ್ತೀರಿ, ಬೇಸರ ಮಾಡಿಕೊಳ್ಳಬಾರದು. ಒಂದು ಟ್ರ್ಯಾಕ್ಟರ್ 2000 ಕೆಜಿ ಅಂತ ಹಿಡಿಯಿರಿ. ನಿಂತಾಗ ಹಿಂದಿನ ಚಕ್ರಗಳ ಮೇಲೆ 1250, ಮುಂದಿನವುಗಳ ಮೇಲೆ 750. ಎರಡು ಅಚ್ಚುಗಳ ನಡುವೆ 2 ಮೀಟರ್ ಅಂತರ. ಅದಕ್ಕೆ 400 ಕೆಜಿಯ ಲೋಡರ್ ಚೌಕಟ್ಟು ಕಟ್ಟಿದೆವು, ಅದರ ತೂಕ ಮುಂದಿನ ಅಚ್ಚಿನಿಂದ ಅರ್ಧ ಮೀಟರ್ ಮುಂದೆ ಬೀಳುತ್ತದೆ. ಬಕೆಟಿನಲ್ಲಿ 600 ಕೆಜಿ ಹಸಿ ಮಣ್ಣು, ಅದು ಅಚ್ಚಿನಿಂದ ಒಂದೂವರೆ ಮೀಟರ್ ಮುಂದೆ. ಈಗ ಮುಂದಿನ ಅಚ್ಚೇ ಏತದ ಕಂಬ. ಮಣ್ಣು ಹಿಂದಿನ ಚಕ್ರಗಳ ಮೇಲಿಂದ 450 ಕೆಜಿ ಕದಿಯುತ್ತದೆ, ಚೌಕಟ್ಟು ಇನ್ನೊಂದು 100 ಕದಿಯುತ್ತದೆ. ಹಿಂದೆ ಉಳಿಯುವುದು 700 ಕೆಜಿ. ಮುಂದಿನ ಸಣ್ಣ ಚಕ್ರಗಳ ಮೇಲೆ 2300 ಕೆಜಿ! ಅಂದರೆ ಇಡೀ ಖಾಲಿ ಟ್ರ್ಯಾಕ್ಟರಿಗಿಂತ ಜಾಸ್ತಿ ತೂಕವನ್ನು ಆ ಸಣ್ಣ ಅಚ್ಚು ಹೊರುತ್ತಿದೆ. ಸ್ಟೇರಿಂಗ್ ಕಲ್ಲಾಗುವುದು, ಮುಂದಿನ ಟೈರ್ ಬೇಗ ತಿಂದುಹೋಗುವುದು, ಕಿಂಗ್‌ಪಿನ್ ಸವೆಯುವುದು ಎಲ್ಲಾ ಇದರಿಂದಲೇ.

‘ಹಿಂದೆ ಇನ್ನೂ 700 ಇದೆಯಲ್ಲ, ಏಳೋದಿಲ್ಲ’ ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲೇ ನಾವೆಲ್ಲ ತಪ್ಪುವುದು. ಲೋಡರ್ ಮೂಗು ಮುಗ್ಗರಿಸಿ ಬೀಳುವುದು ಅಪರೂಪ, ಅದು ಉರುಳುವುದು ಪಕ್ಕಕ್ಕೆ. ಟ್ರ್ಯಾಕ್ಟರಿನ ಮುಂದಿನ ಅಚ್ಚನ್ನು ಬಗ್ಗಿ ನೋಡಿ. ಅದನ್ನು ನಟ್ಟನಡುವೆ ಒಂದೇ ಒಂದು ದಪ್ಪ ಪಿನ್ನಿಗೆ ನೇತು ಹಾಕಿರುತ್ತಾರೆ. ಹಳ್ಳತಿಟ್ಟಿನಲ್ಲಿ ಮುಂದಿನ ಚಕ್ರಗಳು ತೊಟ್ಟಿಲ ಹಾಗೆ ಆಡಲಿ ಅಂತ ಹಾಗೆ ಮಾಡಿದ್ದಾರೆ. ಆದ್ದರಿಂದ ನಾಲ್ಕು ಚಕ್ರ ಕಂಡರೂ ಟ್ರ್ಯಾಕ್ಟರ್ ಕೂತಿರುವುದು ಮೂರು ಬಿಂದುಗಳ ಮೇಲೆ: ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಆ ಪಿನ್ನು. ಹೊಲದಲ್ಲಿ ಹೂಡುವ ಮೂರು ಕಲ್ಲಿನ ಒಲೆ ಇದ್ದ ಹಾಗೆ. ಮಡಕೆಯ ಭಾರ ಹಿಂದಿನ ಎರಡು ಕಲ್ಲುಗಳ ಹತ್ತಿರ ಇದ್ದರೆ ಪಕ್ಕಕ್ಕೆ ತಳ್ಳಿದರೂ ಅಲುಗುವುದಿಲ್ಲ. ಮುಂದಿನ ಒಂಟಿ ಕಲ್ಲಿನ ಕಡೆ ಸರಿಸುತ್ತಾ ಹೋಗಿ, ಬೆರಳು ತಾಗಿದರೂ ಅತ್ತಿತ್ತ ವಾಲುತ್ತದೆ.

ಇದನ್ನೂ ಅಳೆದು ನೋಡಿದೆ. ಹಿಂದಿನ ಎರಡು ಚಕ್ರಗಳ ನಡುವಿನಿಂದ ನಡುವಿಗೆ 1.4 ಮೀಟರ್ ಹಿಡಿಯಿರಿ. ಖಾಲಿ ಟ್ರ್ಯಾಕ್ಟರಿನಲ್ಲಿ ತೂಕದ ನಡು ಇರುವ ಕಡೆ ಈ ತ್ರಿಕೋನದಲ್ಲಿ ಎಡಕ್ಕೆ 44, ಬಲಕ್ಕೆ 44 ಸೆಂಟಿಮೀಟರ್ ಜಾಗ ಇರುತ್ತದೆ. ಮೇಲೆ ಹೇಳಿದ ಬಕೆಟ್ ತುಂಬಿದ ಮೇಲೆ ತೂಕದ ನಡು ಮುಂದಕ್ಕೆ ಓಡಿ, ಪಕ್ಕದ ಜಾಗ 16 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಗೇಣಿಗಿಂತ ಕಡಿಮೆ. ಅದೂ ಮಟ್ಟಸ ನೆಲದಲ್ಲಿ, ನಿಂತಿರುವಾಗ. ಬಕೆಟ್ ಎತ್ತಿದರೆ ತೂಕ ಮೇಲಕ್ಕೆ ಹೋಗುತ್ತದೆ, ನೆಲ ವಾಟ ಇದ್ದರೆ ಪಕ್ಕಕ್ಕೆ ಹೋಗುತ್ತದೆ, ತಿರುಗಿಸಿದರೆ ಇನ್ನಷ್ಟು ಆಚೆ ಹೋಗುತ್ತದೆ. ಆ ಗೇಣಿನೊಳಗಿನ ಜಾಗದಲ್ಲಿ ನಮ್ಮ ಅಳಿಯ ಕೂತಿದ್ದ.

ಈಗ ಹಿಂದೆ 600 ಕೆಜಿ ಕಲ್ಲು ಕಟ್ಟೋಣ. ಎಲ್ಲಿ ಕಟ್ಟುತ್ತೇವೆ ಎಂಬುದು ಮುಖ್ಯ. ದೊಡ್ಡ ಚಕ್ರಕ್ಕೇ ಎರಕದ ಬಿಲ್ಲೆ ಕೂರಿಸಿದರೆ, ಇಲ್ಲವೇ ಟೈರಿಗೆ ನೀರು ತುಂಬಿದರೆ, ಆ ತೂಕ ಹಿಂದಿನ ಅಚ್ಚಿನ ಮೇಲೆ ಅಷ್ಟಕ್ಕಷ್ಟೇ ಕೂರುತ್ತದೆ. ಪಕ್ಕದ ಜಾಗ 16ರಿಂದ 25 ಸೆಂಟಿಮೀಟರಿಗೆ ಏರುತ್ತದೆ, ಆದರೆ ಮುಂದಿನ ಅಚ್ಚಿನ 2300 ಕೆಜಿಯಲ್ಲಿ ಒಂದು ಕೆಜಿಯೂ ಇಳಿಯುವುದಿಲ್ಲ. ಅದೇ 600 ಕೆಜಿಯನ್ನು ಕಲ್ಟಿವೇಟರ್ ಕಟ್ಟುವ ಮೂರು ಪಾಯಿಂಟ್ ಲಿಂಕೇಜಿಗೆ, ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ ತೂಗು ಹಾಕಿ. ಆಗ ಅದು ಏತದ ಕಲ್ಲಾಗುತ್ತದೆ. ಹಿಂದಿನ ಚಕ್ರಗಳ ಮೇಲೆ 900 ಕೆಜಿ ಕೂರಿಸುತ್ತದೆ, ಮುಂದಿನ ಅಚ್ಚಿನಿಂದ 300 ಕೆಜಿ ಇಳಿಸುತ್ತದೆ. ಪಕ್ಕದ ಜಾಗ 31 ಸೆಂಟಿಮೀಟರ್. ತೂಕ ಅದೇ, ಜಾಗ ಬೇರೆ, ಫಲ ಬೇರೆ. ಷಟ್ಪದಿಯಲ್ಲಿ ಮೂರನೇ ಸಾಲು ಉದ್ದ ಇರುತ್ತದೆ, ಅದನ್ನು ತಂದು ಮೊದಲ ಸಾಲಿಗೆ ಹಾಕಿದರೆ ಮಾತ್ರೆ ಅಷ್ಟೇ ಇದ್ದರೂ ಪದ್ಯ ನಿಲ್ಲದು, ಹಾಗೆ.

ಬ್ರೇಕಿನ ವಿಷಯವೂ ಇದಕ್ಕೇ ಸೇರಿದ್ದು. ನಮ್ಮ ಕಡೆ ಓಡುವ ಎರಡು ಚಕ್ರದ ಎಳೆತದ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. 3000 ಕೆಜಿಯ ಬಂಡಿಯನ್ನು ನಿಲ್ಲಿಸಬೇಕಾದ ಚಕ್ರಗಳು ನೆಲವನ್ನು ಒತ್ತುತ್ತಿರುವುದು 700 ಕೆಜಿಯಿಂದ, ಅಂದರೆ ಕಾಲು ಪಾಲೂ ಇಲ್ಲ. ಕೆರೆ ಏರಿಯಿಂದ ಇಳಿಯುವಾಗ ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ, ಜಾರುತ್ತಾ ಹೋಗುತ್ತದೆ. ಅದಕ್ಕೇ ತುಂಬಿದ ಬಕೆಟ್ ಹೊತ್ತು ಇಳಿಜಾರು ಇಳಿಯಬೇಕಾದರೆ ರಿವರ್ಸಿನಲ್ಲಿ, ಬಕೆಟ್ ಏರಿನ ಕಡೆ ಇರುವಂತೆ ಇಳಿಯಬೇಕು. ಹತ್ತುವಾಗ ಮುಂದಕ್ಕೆ ಹತ್ತಬೇಕು. ಭಾರದ ಕಡೆ ಯಾವಾಗಲೂ ಮೇಲೆ. ನ್ಯೂಟ್ರಲ್‌ಗೆ ಹಾಕಿ ಇಳಿಸುವ ಚಟ ಕೆಲವರಿಗಿದೆ, ಡೀಸೆಲ್ ಉಳಿಯುತ್ತದಂತೆ!

ಕಲ್ಲು ಕಟ್ಟದವರು ನಮ್ಮ ಕಡೆ ಮಾಡುವ ಇನ್ನೊಂದು ಕೆಲಸ ಹೇಳಲೇಬೇಕು. ಹಿಂದೆ ಏಳುತ್ತಿದೆ ಅನಿಸಿದಾಗ ಇಬ್ಬರು ಹುಡುಗರನ್ನು ಕರೆದು ಲಿಂಕೇಜಿನ ಮೇಲೋ ಮಡ್‌ಗಾರ್ಡ್ ಮೇಲೋ ನಿಲ್ಲಿಸಿಕೊಳ್ಳುವುದು. ನಾನೇ ಕಣ್ಣಾರೆ ಕಂಡಿದ್ದೇನೆ, ಒಂದು ಸಲ ನಾನೇ ನಿಂತಿದ್ದೇನೆ. ಇಬ್ಬರು ಹುಡುಗರು ಸೇರಿ ನೂರು ಕೆಜಿ ಆದಾರು. 600 ಕೆಜಿ ಬೇಕಾದ ಕಡೆ ಆ ನೂರು ಯಾವ ಮೂಲೆಗೂ ಸಾಲದು. ಚಕ್ರ ಎದ್ದು ಧೊಪ್ಪನೆ ಬಿದ್ದರೆ ಮೊದಲು ಉದುರುವವರು ಅವರೇ, ಉದುರುವುದು ದೊಡ್ಡ ಟೈರಿನ ಬಾಯಿಗೆ. ಕೂಲಿಗೆ ಬಂದ ಹೆಂಗಸರ ಮಕ್ಕಳನ್ನೂ ಹೀಗೆ ನಿಲ್ಲಿಸಿದ್ದನ್ನು ನೋಡಿ ಒಬ್ಬರೊಡನೆ ಜಗಳವಾಡಿದ್ದೇನೆ. ಅವರು ಈಗಲೂ ನನ್ನೊಡನೆ ಮಾತಾಡುವುದಿಲ್ಲ, ಚಿಂತೆಯಿಲ್ಲ.

ನಾವು ಮಾಡಿಸಿದ ಕಲ್ಲಿನ ಕಥೆ ಹೇಳುತ್ತೇನೆ, ಬೇಕಾದವರು ಮಾಡಿಸಿಕೊಳ್ಳಲಿ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2400 ಕೆಜಿ ತೂಗುತ್ತದೆ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರ, ಅರ್ಧ ಮೀಟರ್ ದಪ್ಪದ ದಿಮ್ಮಿ 600 ಕೆಜಿ ಬರುತ್ತದೆ. ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ ಲೆಕ್ಕಕ್ಕೆ ಸಿಮೆಂಟ್ ಎರಡು ಮೂಟೆಯೂ ಖರ್ಚಾಗುವುದಿಲ್ಲ. ಎರಡು ಮೂಟೆ ಸಿಮೆಂಟ್! ಅದಕ್ಕೆ ಲೋಭ ಮಾಡಿ ನಾನು ಮಗಳ ಬಾಳಿನ ಜೊತೆ ಜೂಜಾಡಿದ್ದೆ. ಕಂಬಿ ಕಟ್ಟಿದ ಗೂಡಿನೊಳಗೆ, ಕೆಳಗಿನ ಎರಡು ಕೊಂಡಿಗೂ ಸೇರಿಸಿ ಈ ತುದಿಯಿಂದ ಆ ತುದಿಗೆ ಒಂದೇ ಉದ್ದದ ಉಕ್ಕಿನ ದಂಡ ಹಾಯಿಸಿದೆವು. ಬಿಡಿ ಬಿಡಿ ತುಂಡು ಹಾಕಿದರೆ ಕುಲುಕಾಟಕ್ಕೆ ಕಾಂಕ್ರೀಟಿನಿಂದ ಕಿತ್ತು ಬರುತ್ತವೆ ಅಂತ ವೆಲ್ಡಿಂಗ್ ಅಂಗಡಿಯ ಆಚಾರ್ರು ಹಟ ಹಿಡಿದರು, ಅವರ ಮಾತು ಸರಿ. ನಡುವೆ ಟಾಪ್ ಲಿಂಕಿಗೆ ಎರಡು ದಪ್ಪ ಪಟ್ಟಿಗಳ ಕಂಬ. ನಮ್ಮ ಟ್ರ್ಯಾಕ್ಟರಿಗೆ ಕೆಳಗಿನ ಪಿನ್ನು 28 ಮಿಲಿಮೀಟರ್, ಮೇಲಿನದು 25. ಸಣ್ಣ ಟ್ರ್ಯಾಕ್ಟರುಗಳಿಗೆ 22 ಮತ್ತು 19 ಬರುತ್ತದೆ. ಅಳೆದುಕೊಂಡೇ ಅಂಗಡಿಗೆ ಹೋಗಿ. ಹಸಿ ಗೋಣಿ ಹೊದಿಸಿ ಹದಿನೈದು ದಿನ ನೀರು ಕುಡಿಸಿ. ಅವಸರ ಮಾಡಿ ಎತ್ತಿದರೆ ಬಿರುಕು ಬಿಡುತ್ತದೆ.

ಕಾಂಕ್ರೀಟ್ ಬೇಡ ಅನ್ನುವವರಿಗೆ ಬೇರೆ ದಾರಿ ಇದೆ. 200 ಲೀಟರಿನ ಹಳೆ ಡ್ರಮ್ಮಿಗೆ ಕಾಂಕ್ರೀಟ್ ತುಂಬಿದರೆ 480 ಕೆಜಿ. ಕಬ್ಬಿಣದ ಪೆಟ್ಟಿಗೆ ಮಾಡಿಸಿ ಮರಳು ತುಂಬಬಹುದು, ಆದರೆ ಒಣ ಮರಳು ಅದೇ ಅಳತೆಯ ಕಾಂಕ್ರೀಟಿನ ಮೂರನೇ ಎರಡು ಪಾಲು ಮಾತ್ರ ತೂಗುತ್ತದೆ. ಪೆಟ್ಟಿಗೆ ದೊಡ್ಡದು ಬೇಕು. ಮನೆಯಲ್ಲಿ ರೋಟವೇಟರ್ ಇದ್ದರೆ ಅದನ್ನೇ ಹಿಂದೆ ಕಟ್ಟಿಕೊಳ್ಳಿ, ಪಿಟಿಒ ಶಾಫ್ಟ್ ಬಿಚ್ಚಿಟ್ಟು. ನಾಲ್ಕು ಕ್ವಿಂಟಾಲ್ ಆಸುಪಾಸು ತೂಗುತ್ತದೆ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ತಿರುಗಿಸುವಾಗ ಬಾಲ ಉದ್ದ ಇದೆ ಎಂಬುದು ನೆನಪಿರಲಿ, ಹಿಂದೆ ನಿಂತವರ ಮೊಣಕಾಲಿಗೆ ಬಡಿಯುತ್ತದೆ. ಹಗ್ಗದಲ್ಲಿ ಕಲ್ಲುಚಪ್ಪಡಿ ಬಿಗಿಯುವುದು ಮಾತ್ರ ಬೇಡವೇ ಬೇಡ. ಕುಲುಕಾಟಕ್ಕೆ ಹಗ್ಗ ಸವೆದು ಯಾವಾಗ ಜಾರುತ್ತದೋ ದೇವರಿಗೇ ಗೊತ್ತು.

ಟೈರಿನ ನೀರನ್ನೂ ತಳ್ಳಿಹಾಕಬೇಡಿ. 13.6-28 ಅಳತೆಯ ಟೈರಿಗೆ ಮುಕ್ಕಾಲು ತುಂಬಿದರೆ ಸುಮಾರು 200 ಲೀಟರ್ ಹಿಡಿಯುತ್ತದೆ, ಎರಡಕ್ಕೆ ನಾಲ್ಕು ಕ್ವಿಂಟಾಲ್. ವಾಲ್ವ್ ಮೇಲೆ ಬರುವಂತೆ ಚಕ್ರ ತಿರುಗಿಸಿ, ಅಲ್ಲಿಂದ ನೀರು ಹೊರಗೆ ಬರುವ ತನಕ ತುಂಬಿ, ಉಳಿದ ಜಾಗಕ್ಕೆ ಗಾಳಿ ಹಿಡಿಯಬೇಕು. ಹಿಮ ಬೀಳುವ ದೇಶಗಳಲ್ಲಿ ನೀರು ಗಡ್ಡೆಕಟ್ಟದಂತೆ ಉಪ್ಪು ಬೆರೆಸುತ್ತಾರೆ, ನಮಗೆ ಬರಿ ನೀರು ಸಾಕು. ಈ ತೂಕ ತಗ್ಗಿನಲ್ಲಿ ಇರುವುದರಿಂದ ಅದಕ್ಕೆ ಅದರದೇ ಗುಣವಿದೆ. ಆದರೆ ಅದು ಹಿಂದಿನ ಕಲ್ಲಿನ ಜೊತೆಗೆ ಇರಬೇಕಾದ್ದು, ಅದರ ಬದಲಿಗೆ ಅಲ್ಲ.

ಕಲ್ಲು ಕಟ್ಟಿದ್ದೇವೆ ಅಂತ ಬಕೆಟಿಗೆ ಇನ್ನಷ್ಟು ತುಂಬುವುದು ನಮ್ಮವರ ಬುದ್ಧಿ. ಲೋಡರಿಗೆ ಹೇಳಿದ ಮಿತಿ ಕಲ್ಲಿನಿಂದ ಏರುವುದಿಲ್ಲ. ಹಿಂದಿನ ಅಚ್ಚಿಗೂ ಟೈರಿಗೂ ಲಿಫ್ಟಿಗೂ ಎಷ್ಟು ತಡೆಯುತ್ತದೆ ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ದಾಟಬಾರದು. ಓಡುವಾಗ ಬಕೆಟ್ ನೆಲದಿಂದ ಮೊಣಕಾಲು ಎತ್ತರದೊಳಗೆ, ಕಲ್ಲೂ ತಗ್ಗಿನಲ್ಲಿ, ಪಕ್ಕದ ಚೈನು ಬಿಗಿಯಾಗಿ. ಟ್ರೈಲರ್ ಎದುರಿಗೆ ನೇರ ನಿಂತ ಮೇಲೆಯೇ ಬಕೆಟ್ ಎತ್ತುವುದು, ಎತ್ತಿದ ಮೇಲೆ ತಿರುಗಿಸುವುದಿಲ್ಲ. ಚಕ್ರ ಹಗುರಾದಂತೆ ಅನಿಸಿದರೆ ಬ್ರೇಕ್ ಅಲ್ಲ, ಬಕೆಟ್ ಇಳಿಸಬೇಕು. ಜರ್ಕ್ ಹೊಡೆಯದ ಹಾಗೆ, ಆದರೆ ತಡಮಾಡದೆ. ಎಲ್ಲಕ್ಕಿಂತ ಹೆಚ್ಚಾಗಿ ಉರುಳಿದಾಗ ತಲೆ ಕಾಯುವ ಗಟ್ಟಿ ಕಬ್ಬಿಣದ ಚೌಕಟ್ಟು ನಮ್ಮ ಬಹುಪಾಲು ಟ್ರ್ಯಾಕ್ಟರುಗಳಿಗೆ ಇಲ್ಲ. ಬಿಸಿಲಿಗೆ ಹಾಕಿಸುವ ತಗಡಿನ ಮಾಡು ಆ ಕೆಲಸ ಮಾಡುವುದಿಲ್ಲ.

ಲೋಡರ್ ಬಿಚ್ಚಿದ ದಿನ ಕಲ್ಲನ್ನೂ ಬಿಚ್ಚಿ. ನಾನು ಒಮ್ಮೆ ಆಲಸ್ಯಕ್ಕೆ ಹಾಗೇ ಬಿಟ್ಟು ಶಿರಾ ಸಂತೆಗೆ ಹೊರಟೆ, ಏರಿನಲ್ಲಿ ಮೂತಿ ಹಗುರಾಗಿ ಸ್ಟೇರಿಂಗ್ ಮಾತು ಕೇಳಲಿಲ್ಲ. ಹೊಲದಲ್ಲಾದರೆ ಮಣ್ಣು ತುಳಿದು ಗಟ್ಟಿಯಾಗುತ್ತದೆ, ಡೀಸೆಲೂ ದಂಡ.

2022ರ ಏಪ್ರಿಲ್‌ನಲ್ಲಿ ನಮ್ಮ ತಾಲೂಕು ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೂ ಟ್ರ್ಯಾಕ್ಟರ್ ವಿದ್ಯೆಗೆ ನಮಗೆ ಹತ್ತಿರವಾದದ್ದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯೇ. ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಅಲ್ಲಿದೆ. ರೈತರಿಗೂ ರೈತರ ಮಕ್ಕಳಿಗೂ ಯಂತ್ರ ನಡೆಸುವುದು, ಸಂಭಾಳಿಸುವುದು ಕಲಿಸುತ್ತಾರೆ. ಪಾವಗಡ, ಮಧುಗಿರಿ, ಶಿರಾ ಕಡೆಯ ಹುಡುಗರಿಗೂ ಅದು ದೂರವೇನಲ್ಲ. ಲೋಡರ್ ಓಡಿಸುವ ಹುಡುಗ ಮನೆಯಲ್ಲಿದ್ದರೆ ಅಲ್ಲಿಗೆ ಕಳಿಸುವ ಯೋಚನೆ ಮಾಡಿ.

ನಮ್ಮ ಕಲ್ಲು ಈಗ ಹೊಂಗೆ ಮರದ ಕೆಳಗೆ, ಎರಡು ಮರದ ತುಂಡಿನ ಮೇಲೆ ಕೂತಿರುತ್ತದೆ. ಹಾಗೆ ಇಟ್ಟರೆ ಲಿಂಕೇಜ್ ರಿವರ್ಸಿನಲ್ಲಿ ತಂದು ಸಿಕ್ಕಿಸಲು ಸಲೀಸು. ಪಕ್ಕದ ಊರಿನವರೊಬ್ಬರು ಹೋದ ಬೇಸಿಗೆಯಲ್ಲಿ ‘ಅಣ್ಣಾ, ನಾಲ್ಕು ದಿನ ಕಲ್ಲು ಕೊಡಿ’ ಅಂತ ಬಂದರು. ಕೊಡುವ ಮುಂಚೆ ಅಳಿಯ ಅವರ ಟ್ರ್ಯಾಕ್ಟರಿನ ಪಿನ್ನು ಅಳೆದ. ಅವರದ್ದು 22. ಕಲ್ಲು ಕೊಡಲಿಲ್ಲ, ಅಚ್ಚಿನ ಹಲಗೆ ಕೊಟ್ಟು ಕಳಿಸಿದ. ಎರಡು ಮೂಟೆ ಸಿಮೆಂಟ್ ಅವರೇ ತಂದುಕೊಂಡರು.